ಬೀಗರಿಗೆ ಬಂದ ಬಿರುದು

ನನ್ನ ಬೀಗರು, ಅಂದರೆ ಅಳಿಯನ ತಂದೆ, ಆಸ್ಟ್ರೇಲಿಯಾದ ಪರ್ತ್ ನಗರದ ಅಂಚಿನ ಸ್ವಾನ್ ವ್ಯಾಲಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದ ಇಂಗ್ಲಿಷ್ ಮೂಲದವರು. ಹೋದ ವರ್ಷ ಇಂಗ್ಲೆಂಡಿನಲ್ಲಿ, ಅವರು ಮುಖವನ್ನೇ ಕಂಡಿರದ ದಾಯಾದಿಯೊಬ್ಬ ಮಕ್ಕಳಿಲ್ಲದೆ ತೀರಿಕೊಂಡ. ಅವನ ಬ್ಯಾರನೆಟ್ ಎಂಬ ವಂಶಪಾರಂಪರ್ಯದ ಬಿರುದು ಗಂಡುಸಂತಾನವನ್ನೇ ಹುಡುಕಿಕೊಂಡು, ಸುತ್ತಿ ಬಳಸಿ ಇವರ ತಲೆಗೆ ಬಂತು. ವಂಶದ ಬಂಗಲೆ ಎಂದೋ ಮಾರಿಹೋಗಿತ್ತು. ಉಳಿದದ್ದು ಹೆಸರಿಗೆ ಅಂಟಿಕೊಂಡ ಒಂದು ‘ಸರ್’ ಮಾತ್ರ. ನಮ್ಮ ಮೈಸೂರಿನಲ್ಲಿ ಬಸ್ ಕಂಡಕ್ಟರಿಗೂ ಸರ್ ಎನ್ನುತ್ತೇವೆ, ಅದಕ್ಕೆ ಇಷ್ಟೊಂದು ಸಂಭ್ರಮವೇ ಎಂದು ಮಗಳ ಕಿವಿಯಲ್ಲಿ ಕುಟುಕಿದ್ದೆ.

ಮಗಳ ಬಾಣಂತನಕ್ಕೆಂದು ನಾನು ಅಲ್ಲಿಗೆ ಹೋಗಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಅವರ ಹಿತ್ತಲಿನಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ. ಇದ್ದಿಲ ಮೇಲೆ ಮಾಂಸ ತಿರುವಿಹಾಕುತ್ತ ಬೀಗರು ವಂಶದ ಕಥೆ ಹೇಳಿದರು. ಯಾವುದೋ ರಾಜನಿಗೆ ದಂಡು ಕಟ್ಟಿಕೊಟ್ಟು ಬಿರುದು ಪಡೆದ ಮೂಲಪುರುಷ. ಅವನ ಹಿರಿಮಗ ಕುದುರೆಯಿಂದ ಬಿದ್ದು ಸತ್ತ. ಮುಂದಿನ ತಲೆಮಾರಿನ ಹಿರಿಮಗ ಮದರಾಸಿನಲ್ಲಿ ಜ್ವರ ಬಂದು ಹೋದ. ಮತ್ತೊಬ್ಬ ಯುದ್ಧದಲ್ಲಿ.

“ನಮ್ಮಲ್ಲಿ ಬಿರುದು ಅಪ್ಪನಿಂದ ಹಿರಿಮಗನಿಗೆ ಹೋದದ್ದೇ ಇಲ್ಲ. ಯಾವಾಗಲೂ ತಮ್ಮನಿಗೆ, ಇಲ್ಲವೇ ದಾಯಾದಿಗೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಬೀಗರ ಹಿರಿಮಗನೇ ನನ್ನ ಅಳಿಯ. ಉತ್ತರದ ಗಣಿಯಲ್ಲಿ ಬಂಡೆಗೆ ಸ್ಫೋಟಕ ಇಡುವುದು ಅವನ ಕೆಲಸ. ಮಾರನೆಯ ಬೆಳಿಗ್ಗೆಯೇ ಅಲ್ಲಿಗೆ ಹೋಗಲು ವಿಮಾನ ಹತ್ತುವವನಿದ್ದ. ಮಗಳು ತುಂಬು ಬಸುರಿ. ಇಂಥ ವಂಶಕ್ಕೆ ಹೆಣ್ಣು ಕೊಟ್ಟೆನಲ್ಲ ದೇವರೇ ಎಂದುಕೊಂಡೆ.

ನನ್ನ ಬ್ಯಾಗಿನಲ್ಲಿ ಒಣಮೆಣಸಿನಕಾಯಿ ಸದಾ ಇರುತ್ತದೆ. ಬೀಗರ ಮನೆಯ ಊಟ ಬರೀ ಸಪ್ಪೆ. ಮೇಜಿನ ಮೇಲಿದ್ದ ಉಪ್ಪನ್ನೂ ಸೇರಿಸಿ ಮುಷ್ಟಿ ಕಟ್ಟಿದೆ.

“ಅಮ್ಮಾ, ಇಲ್ಲಿ ಬೇಡಮ್ಮ. ಎಲ್ಲಾ ನೋಡ್ತಿದಾರೆ,” ಎಂದಳು ಮಗಳು.

“ನೋಡ್ಲಿ ಬಿಡೇ. ನನ್ನ ಮಾನ ಹೋದ್ರೆ ಹೋಗ್ಲಿ.”

ಅಳಿಯ ಪಾಪದವನು, ತಲೆ ಬಗ್ಗಿಸಿ ಕೂತ. ನಿವಾಳಿಸಿ ಕೆಂಡಕ್ಕೆ ಹಾಕಿದೆ. ಘಾಟೆದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿಯಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದೇ ನಾವು ನಂಬುವುದು. ಮೆಣಸಿನಕಾಯಿ ಸುಟ್ಟು ಕರಕಾಯಿತು. ಒಬ್ಬರೂ ಕೆಮ್ಮಲಿಲ್ಲ.

ಅಳಿಯನ ತೋಳು ಹಿಡಿದು, “ನಾಳೆ ಹೋಗ್ಬೇಡಪ್ಪ,” ಎಂದೆ. ಅಳು ತಡೆಯಲಾಗಲಿಲ್ಲ.

“ಗಾಳಿ ಆ ಕಡೆಗೆ ಬೀಸ್ತಿದೆ ಅಮ್ಮ! ಹೊಗೆ ಇಲ್ಲಿಗೆ ಹೇಗೆ ಬರುತ್ತೆ?” ಮಗಳು ರೇಗಿದಳು.

ಇದೆಲ್ಲ ಏನೆಂದು ಬೀಗರು ಕೇಳಿದರು. ಮಗಳು ನಾಚಿಕೊಂಡೇ ವಿವರಿಸಿದಳು. ಈಗ ಎಲ್ಲರೆದುರು ನಗೆಪಾಟಲಾಗುತ್ತೇನೆ ಎಂದುಕೊಂಡೆ. ಅವರು ನಗಲಿಲ್ಲ. ಇಕ್ಕಳವನ್ನು ಪಕ್ಕಕ್ಕಿಟ್ಟರು.

“ನನಗೂ ಒಬ್ಬ ಅಣ್ಣನಿದ್ದ,” ಎಂದರು. “ಅವನನ್ನು ಮಣ್ಣುಮಾಡಿದ್ದು ನಮ್ಮಪ್ಪನೇ.”

ಆಮೇಲೆ ಮಗನನ್ನು ಎಬ್ಬಿಸಿ, ಅವನ ಕುರ್ಚಿಯನ್ನು ತಾವೇ ಎತ್ತಿ, ಹೊಗೆ ಹೋಗುತ್ತಿದ್ದ ದಿಕ್ಕಿನಲ್ಲಿಟ್ಟು ಕೂರಿಸಿದರು. ನನ್ನ ಕಡೆ ತಿರುಗಿ, ಇನ್ನೂ ಮೆಣಸಿನಕಾಯಿ ಇದೆಯೇ ಎಂದು ಕೇಳಿದರು.