ಅಲಿಕಾಕ ತೊಳೆದ ಬಾಟಲಿಗಳು

ಬೆಳಗ್ಗೆ ಐದೂ ಮುಕ್ಕಾಲು. ದುಬೈ ಸಿಲಿಕಾನ್ ಓಯಸಿಸ್‌ನ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಒಂದೇ ಕೋಣೆಗೆ ದೀಪ ಹತ್ತಿದೆ. ಅಲಿಕುಂಞಿ ಬಿಸಿ ಬಾಟಲಿಯನ್ನು ಮಣಿಕಟ್ಟಿಗೆ ತಾಗಿಸಿ ನೋಡುತ್ತಾರೆ. ಹದ ಬಂದಿದೆ ಅನ್ನಿಸಿದ ಮೇಲೆ, ಒಳಗಿನ ಹೊಂಬಣ್ಣದ ದ್ರವವನ್ನು ಸಾಲಾಗಿ ಇಟ್ಟ ಪ್ಲಾಸ್ಟಿಕ್ ತಟ್ಟೆಗಳಿಗೆ ಹುಯ್ಯುತ್ತಾರೆ. ಇದು ಬ್ಯಾಕ್ಟೀರಿಯಾಗಳ ಊಟ. ಗುಳ್ಳೆ ಏಳಬಾರದು, ಅಂಚಿಗೆ ಚೆಲ್ಲಬಾರದು.

"ತಣ್ಣಗಾದ್ರೆ ಬಾಟಲಿಯಲ್ಲೇ ಗಟ್ಟಿ ಆಗ್ತದೆ. ಬಿಸಿ ಜಾಸ್ತಿ ಆದ್ರೆ ಮುಚ್ಚಳಕ್ಕೆ ನೀರು ಕೂರ್ತದೆ. ಮನೆಯಲ್ಲಿ ರಾಗಿ ಮಣ್ಣಿ ಕಾಯಿಸಿ ಗಟ್ಟಿ ಆಗ್ಲಿಕ್ಕೆ ಬಟ್ಟಲಿಗೆ ಹುಯ್ಯುದಿಲ್ವಾ, ಅದೇ ಹದ," ಎನ್ನುತ್ತಾರೆ, ಕೈ ನಿಲ್ಲಿಸದೆ.

ಇಂದು ಹನ್ನೊಂದು ಗಂಟೆಗೆ ಪಕ್ಕದ ಕೋಣೆಯಲ್ಲಿ ಅವರು ಮೊನ್ನೆ ಹುಯ್ದ ಆರು ತಟ್ಟೆಗಳನ್ನು ಪ್ರಯೋಗಾಲಯದ ವಿಜ್ಞಾನಿಗಳು ನೋಡಲಿದ್ದಾರೆ. ಅದರಲ್ಲಿ ಹಸಿರು ಬೆಳಕು ಕಂಡರೆ ಅಲಿಕುಂಞಿಯ ಕೆಲಸ ಉಳಿಯುತ್ತದೆ. ಕಾಣದಿದ್ದರೆ ಪ್ರಯೋಗಾಲಯ ಇನ್ನು ಮುಂದೆ ತಯಾರಾದ ತಟ್ಟೆಗಳನ್ನೇ ಹೊರಗಿನಿಂದ ತರಿಸುತ್ತದೆ. ಅವರ ವೀಸಾ ಮುಗಿಯಲು ಇಪ್ಪತ್ತು ದಿನ ಉಂಟು.

ಅಲಿಕುಂಞಿಗೆ ಐವತ್ತೇಳು; ಕಿರಿಯರಿಗೆಲ್ಲ ಅವರು ಅಲಿಕಾಕ. ಊರು ಪಾಣೆಮಂಗಳೂರು, ತಂದೆ ನೇತ್ರಾವತಿಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿ, ಮೂವತ್ತು ವರ್ಷದ ಹಿಂದೆ ದೇರಾದ ಕೆಫೆಟೇರಿಯಾವೊಂದಕ್ಕೆ ಚಹಾ ಮಾಡಲು ಬಂದರು. ಕೊರೊನಾ ಕಾಲಕ್ಕೆ ಅದು ಮುಚ್ಚಿತು. ಆಮೇಲೆ ಸಿಕ್ಕಿದ್ದು ಈ ಕೆಲಸ. ದಿನಕ್ಕೆ ಇನ್ನೂರು ತಟ್ಟೆ, ಅರುವತ್ತು ಬಾಟಲಿ, ಮೂರು ಸಲ 'ಕುಕ್ಕರ್'. ಆಳೆತ್ತರದ ಹಬೆಯ ಯಂತ್ರವನ್ನು ಅವರು ಕರೆಯುವುದೇ ಹಾಗೆ.

ಕಾರ್ಕಳದ ಅಕ್ಷಿತಾ ಇಲ್ಲಿನ ಸಂಶೋಧಕಿ. ಬ್ಯಾಕ್ಟೀರಿಯಾಗಳು ತಮ್ಮೊಳಗೆ ಮಾತಾಡಿಕೊಳ್ಳುವ ಬಗೆಯೇ ಆಕೆಯ ಕೆಲಸ. ಕಡಲಿನ ಕೆಲವು ಬ್ಯಾಕ್ಟೀರಿಯಾಗಳು ಒಂದು ಸಣ್ಣ ರಾಸಾಯನಿಕವನ್ನು ಹೊರಗೆ ಬಿಡುತ್ತಲೇ ಇರುತ್ತವೆ. ನಾಲ್ಕಾರು ಇದ್ದಾಗ ಅದು ನೀರಿನಲ್ಲಿ ಕಳೆದುಹೋಗುತ್ತದೆ. ಗುಂಪು ದಟ್ಟವಾದಾಗ ಅದೂ ದಟ್ಟವಾಗುತ್ತದೆ. ಆಗ ಎಲ್ಲವೂ ಒಟ್ಟಿಗೇ ಬೆಳಗುತ್ತವೆ. ಅಕ್ಷಿತಾ ಅವುಗಳ 'ಹೇಳುವ' ಜೀನನ್ನು ಒಂದು ತಳಿಗೆ, 'ಕೇಳುವ' ಜೀನನ್ನು ಇನ್ನೊಂದು ತಳಿಗೆ ಸೇರಿಸಿದ್ದಾರೆ. ಒಂದು ಹೇಳಿದ್ದು ಇನ್ನೊಂದಕ್ಕೆ ಮುಟ್ಟಿದರೆ, ಕೇಳಿದ್ದು ಹಸಿರಾಗಿ ಹೊಳೆಯುತ್ತದೆ. ಕಡಲ ನೀರನ್ನು ಸಿಹಿ ಮಾಡುವ ಸ್ಥಾವರಗಳ ಸೋಸುಪದರದ ಮೇಲೆ ಲೋಳೆ ಕಟ್ಟುವ ಮೊದಲೇ ಸುಳಿವು ಕೊಡುವ ಜೀವಕೋಶ ಮಾಡಬೇಕೆಂಬುದು ಅವರ ಗುರಿ.

ಅಲಿಕುಂಞಿ ಇದನ್ನು ಅರ್ಥಮಾಡಿಕೊಂಡದ್ದು ಬೇರೆ ದಾರಿಯಲ್ಲಿ, ತಂದೆಯ ದೋಣಿಯಿಂದ. "ಉಪ್ಪ ಒಬ್ಬರಿಗೆ ಇಬ್ಬರಿಗೆ ದೋಣಿ ಬಿಡ್ತಿರ್ಲಿಲ್ಲ. ಎಂಟು ಜನ ಆಗ್ಬೇಕು. ಎಂಟನೆಯವ ಹತ್ತಿದ ಕೂಡ್ಲೇ ಯಾರೂ ಹೇಳುದು ಬೇಡ, ಹುಟ್ಟು ನೀರಿಗೆ. ಇವಕ್ಕೂ ಅಷ್ಟೇ ಅಲ್ವಾ?"

ಎರಡು ತಿಂಗಳ ಹಿಂದೆ ಈ ಮಾತುಕತೆ ನಿಂತುಹೋಯಿತು. ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು, ಹಸಿರು ಮಾತ್ರ ಇಲ್ಲ. ಅಕ್ಷಿತಾ ಜೀನುಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಆರು ವಾರ ಕಳೆದ ಮೇಲೆ, ಆ ತಳಿಯನ್ನೇ ಬಿಸಾಡಲು ಪ್ರಯೋಗಾಲಯದ ಮುಖ್ಯಸ್ಥ ನಿರಂಜನ ಹೇಳಿದರು.

ಬಿಸಾಡುವ ತಟ್ಟೆಗಳನ್ನು ಕುಕ್ಕರಿಗೆ ಹಾಕುವವರು ಅಲಿಕುಂಞಿಯೇ. ಯಾವ ತಟ್ಟೆ ಯಾವ ಬಾಟಲಿಯದೆಂದು ಅವರ ನೋಟ್‌ಬುಕ್ಕಿನಲ್ಲಿ ಇರುತ್ತದೆ. ತಿರುವಿ ನೋಡಿದರೆ, ಹೊಳೆಯದ ತಟ್ಟೆಗಳೆಲ್ಲ ಹಳೆಯ ದೊಡ್ಡ ಬಾಟಲಿಗಳವು. ಅವುಗಳ ತಳದಲ್ಲಿ ಕಂದು ಕಲೆ ಕಟ್ಟಿತ್ತೆಂದು, ಕೆಫೆಟೇರಿಯಾದಲ್ಲಿ ಚಹಾದ ಫ್ಲಾಸ್ಕ್ ತೊಳೆಯುತ್ತಿದ್ದಂತೆ, ಸೋಡಾ ಪುಡಿಯನ್ನು ದಪ್ಪಗೆ ಕಲಸಿ ಇಡೀ ದಿನ ನೆನೆಸಿಡುತ್ತಿದ್ದರು. ಆಮೇಲೆ ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಒಮ್ಮೆ ಮಾತ್ರ ತೊಳೆಯುತ್ತಿದ್ದರು.

"ಅಷ್ಟು ಶುದ್ಧ ಮಾಡಿದ ನೀರು, ಸುಮ್ಮನೆ ಚೆಲ್ಲುದು ಹೇಗೆ? ನಮಾಜಿಗೆ ಮೊದ್ಲು ಕೈಕಾಲು ತೊಳೆದು ವುಝೂ ಮಾಡುವಾಗಲೂ ನೀರು ಹಾಳು ಮಾಡ್ಬಾರ್ದು ಅಂತ ಕಲ್ತವ ನಾನು."

ಬ್ಯಾಕ್ಟೀರಿಯಾದ ಊಟದ ಹುಳಿ–ಕ್ಷಾರವನ್ನು ಅಳೆಯುವುದು ದೊಡ್ಡ ಪಾತ್ರೆಯಲ್ಲಿ, ಬಾಟಲಿಗೆ ತುಂಬುವ ಮೊದಲು. ತುಂಬಿದ ಮೇಲೆ ಯಾರೂ ಅಳೆಯುವುದಿಲ್ಲ. ಅಲಿಕುಂಞಿ, ಬಣ್ಣ ಬದಲಿಸಿ ಕ್ಷಾರ ತೋರಿಸುವ ಕಾಗದವೊಂದನ್ನು ಬಾಟಲಿಗೇ ಅದ್ದಿ ನೋಡಿದರು. ಕ್ಷಾರ ಏರಿತ್ತು. ಬ್ಯಾಕ್ಟೀರಿಯಾ ಅದನ್ನು ತಾಳಿಕೊಳ್ಳುತ್ತದೆ; ಅದು ಹೊರಬಿಟ್ಟ ರಾಸಾಯನಿಕ ಮಾತ್ರ ದಾರಿಯಲ್ಲೇ ಒಡೆದುಹೋಗುತ್ತದೆ.

ಇಂಟರ್‌ನ್ಯಾಷನಲ್ ಸಿಟಿಯ ರೂಮಿನಲ್ಲಿ ಜೊತೆಗಿರುವ ಜಂಶೀರ್‌ಗೆ ಮೊದಲು ಹೇಳಿದರು. ಆತ ನಕ್ಕುಬಿಟ್ಟ: "ಸೋಡಾ ಹಾಕಿದ್ದು ನೀವು, ಬೈಗಳ ತಿನ್ನುದು ಬ್ಯಾಕ್ಟೀರಿಯಾ. ಅದಕ್ಕೆಂತ ವೀಸಾ ಉಂಟಾ ಕಾಕ? ಬಾಯಿ ಮುಚ್ಚಿ ಕೂತ್ರೆ ಖಲಾಸ್."

ಮರುದಿನ ಅಲಿಕುಂಞಿ ನೋಟ್‌ಬುಕ್ಕನ್ನು ಅಕ್ಷಿತಾರ ಮೇಜಿನ ಮೇಲಿಟ್ಟರು. "ಮಗಳೇ, ನಿನ್ನ ಜೀನು ಬಿಸಾಡ್ಬೇಡ. ತಪ್ಪು ನನ್ನ ಬಾಟಲಿಯಲ್ಲಿ." ನಿರಂಜನ ಕೂಗಾಡಲಿಲ್ಲ. "ನೀವು ಹೇಳೋದು ಸರಿ ಇದ್ರೆ ಈ ಸಲ ಬೆಳಗಬೇಕು. ಬೆಳಗದಿದ್ರೆ ಇನ್ನು ತಟ್ಟೆ ಹೊರಗಿಂದಲೇ ತರಿಸೋದು. ನೋಡೋಣ," ಎಂದರು.

ಅಲಿಕುಂಞಿ ಹಳೆಯ ಬಾಟಲಿಗಳನ್ನೇ ಏಳು ನೀರಿನಲ್ಲಿ ತೊಳೆದು, ಕಾಗದ ಅದ್ದಿ ನೋಡಿ, ಆರು ತಟ್ಟೆ ಹುಯ್ದರು.

ಹನ್ನೊಂದು ಗಂಟೆ. ಅಕ್ಷಿತಾ ಕೋಣೆಯ ದೀಪ ಆರಿಸಿ ನೀಲಿ ದೀಪ ಹಚ್ಚುತ್ತಾರೆ. ಅಲಿಕುಂಞಿ ಬಾಗಿಲಲ್ಲೇ ನಿಂತಿದ್ದಾರೆ.

"ಕಾಕ, ಬನ್ನಿ. ಎಂತ ಅಲ್ಲಿ ಮದುಮಗನ ಹಾಗೆ ನಿಂತದ್ದು?"

ತಟ್ಟೆಯ ನಡುವೆ 'ಹೇಳುವ' ಬ್ಯಾಕ್ಟೀರಿಯಾದ ಗೆರೆ. ಅದರ ಪಕ್ಕ, 'ಕೇಳುವ' ಗೆರೆ ಹಸಿರಾಗಿದೆ. ಹತ್ತಿರದ ತುದಿಯಲ್ಲಿ ಗಾಢ, ದೂರ ಹೋದಂತೆ ತೆಳು. ಆರೂ ತಟ್ಟೆಯಲ್ಲಿ ಹಾಗೆಯೇ. ನಿರಂಜನ ಎರಡೆರಡು ಸಲ ನೋಡಿ, "ವೀಸಾಕ್ಕೆ ಪಾಸ್‌ಪೋರ್ಟ್ ಕಾಪಿ ನಾಳೆ ಆಫೀಸಿಗೆ ಕೊಟ್ಬಿಡಿ," ಎಂದಷ್ಟೇ ಹೇಳಿ ಹೊರಡುತ್ತಾರೆ.

ಅಲಿಕುಂಞಿ ತೊಳೆಯುವ ಕೋಣೆಗೆ ಮರಳುತ್ತಾರೆ. ಮುಖ ಒರೆಸಿಕೊಳ್ಳಲು ತುಸು ಹೊತ್ತು ಬೇಕಾಗುತ್ತದೆ. ಅಕ್ಷಿತಾ ತಮ್ಮ ಸಂಶೋಧನಾ ಬರಹದಲ್ಲಿ ಅವರ ಹೆಸರು ಹಾಕುತ್ತೇನೆ ಎಂದಿದ್ದಾರಂತೆ. ಅವರಿಗೆ ಬೇಕಾದದ್ದು ಬೇರೆ.

"ಸಿಂಕಿನ ಮೇಲೆ ಒಂದು ಬೋರ್ಡ್ ಹಾಕ್ಲಿ ಸಾಕು. ಸೋಡಾ ಹಾಕ್ಬೇಡಿ, ಏಳು ಸಲ ತೊಳೀರಿ ಅಂತ. ಇಂಗ್ಲಿಷ್ ಒಂದೇ ಬೇಡ; ಕನ್ನಡ, ಮಲಯಾಳ, ಹಿಂದಿ ಎಲ್ಲ ಇರ್ಲಿ. ನನ್ನ ನಂತರ ಬರುವವನೂ ಯಾವುದಾದ್ರೂ ಕೆಫೆಟೇರಿಯಾದಿಂದಲೇ ಬರ್ಬಹುದು. ಪಾಪ, ಅವನಿಗೆ ಯಾರು ಹೇಳ್ತಾರೆ?"