ಜೀಪಿನಿಂದ ಇಳಿದ ಪೆಟ್ಟಿಗೆ

ಅಣ್ಣ ತೀರಿಕೊಂಡ ಎರಡು ತಿಂಗಳಿಗೆ ಅವನ ಜೀಪನ್ನು ಘಾಟಬೋರಾಳದ ಹಾಲಿನ ವ್ಯಾಪಾರಿಯೊಬ್ಬರು ಕೊಂಡುಕೊಂಡರು. ಹಿಂಬದಿಯಲ್ಲಿ ಕ್ಯಾನು ಇಡಲು ಜಾಗ ಬೇಕೆಂದು, ಅಲ್ಲಿ ಬೋಲ್ಟು ಹಾಕಿ ಕೂರಿಸಿದ್ದ ಸಬ್‌ವೂಫರ್ ಸ್ಪೀಕರಿನ ಪೆಟ್ಟಿಗೆಯನ್ನೂ ಸೀಟಿನಡಿಯ ಆಂಪ್ಲಿಫೈಯರನ್ನೂ ಬಿಚ್ಚಿ ನಮ್ಮ ಕಟ್ಟೆಯ ಮೇಲಿಟ್ಟರು.

“ಇದನ್ನ ನೀವೇ ಇಟ್ಕೋರ್ರಿ. ನಮ್ಮ ಎಮ್ಮಿ ಹಾಡ ಕೇಳಿ ಹಾಲ ಜಾಸ್ತಿ ಕೊಡಾಂಗಿಲ್ಲ,” ಎಂದರು.

ನಗಬೇಕಿತ್ತು. ವೈನಿಯೂ ನಗಲಿಲ್ಲ, ನಾನೂ ನಗಲಿಲ್ಲ.

ವೈನಿ ಎಂದರೆ ಅಣ್ಣನ ಹೆಂಡತಿ. ಹುಮನಾಬಾದಿನ ಈ ಮನೆಯಲ್ಲಿ ಈಗ ಇರುವವರು ನಾವಿಬ್ಬರು ಹೆಂಗಸರೇ. ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತೇನೆ. ಅಣ್ಣನ ಜೀಪೂ ಅದೇ ರಸ್ತೆಯಲ್ಲಿ ಓಡುತ್ತಿದ್ದ ಸವಾರಿ ಗಾಡಿ. ಅದು ಬರುವ ಮೊದಲೇ ಅದರ ಸದ್ದು ಬರುತ್ತಿತ್ತು. ಹಾಡು ಕೇಳುತ್ತಿರಲಿಲ್ಲ, ಹಾಡಿನ ತಳದಲ್ಲಿರುವ ಧಮಧಮ ಮಾತ್ರ ಕಾಲಿಗೆ ತಿಳಿಯುತ್ತಿತ್ತು. ಜೀಪು ಇನ್ನೂ ಗಲ್ಲಿಯ ತಿರುವಿನಲ್ಲಿರುವಾಗಲೇ ಅಡುಗೆಮನೆಯ ಹಲಗೆಯ ಮೇಲಿದ್ದ ಒಂದು ಸ್ಟೀಲ್ ಬೋಗುಣಿಯ ಮುಚ್ಚಳ ಗಿರ್ರೆಂದು ನಡುಗುತ್ತಿತ್ತು. ಆಗ ವೈನಿ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಣ್ಣ ಕಾಲು ತೊಳೆದು ಕೂರುವ ಹೊತ್ತಿಗೆ ಬಿಸಿ ರೊಟ್ಟಿ ಇರುತ್ತಿತ್ತು.

ಆ ಬೋಗುಣಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅದಕ್ಕೊಂದು ಆಪಾದನೆ ಅಂಟಿಕೊಂಡಿದೆ. ಅಂಟಿಸಿದವಳು ನಾನು.

ಅಪ್ಪ ಕುರಿ ಕಾಯ್ದವನು. ನಮ್ಮ ಮನೆತನದಲ್ಲಿ ಹಿರಿಯ ಹೋದರೆ ಅವನ ಕಂಬಳಿ ಮನೆಯಲ್ಲಿ ಉಳಿಯುತ್ತದೆ. ದಸರೆಗೆ ಮುಂಚಿನ ಮಾನೌಮಿ ಅಮಾವಾಸ್ಯೆಯಂದು ಅದನ್ನು ಮಡಿಚಿ ಹಾಸಿ ಅದರ ಮೇಲೆ ಹಿರಿಯರ ಎಡೆ ಇಡುತ್ತೇವೆ. ಕಂಬಳಿಯೇ ಇಲ್ಲದಿದ್ದರೆ ಬಂದ ಹಿರಿಯರು ಕೂರುವುದೆಲ್ಲಿ ಎಂದು ಅವ್ವ ಕೇಳುತ್ತಿದ್ದಳು. ಅಪ್ಪ ಹೋದ ಮೇಲಿನ ಮೊದಲ ಮಾನೌಮಿ ಅಮಾವಾಸ್ಯೆಯ ಬೆಳಿಗ್ಗೆ ಅವಳು ಟ್ರಂಕು ತೆಗೆದಾಗ ಅದರಲ್ಲಿ ಕಂಬಳಿ ಇರಲಿಲ್ಲ.

ನಾನಾಗ ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ಕೆಲವು ವಾರಗಳ ಹಿಂದೆ ಗಲ್ಲಿಗೆ ಬಂದಿದ್ದಳು. ಹಲಗೆಯ ಮೇಲಿನ ಬೋಗುಣಿ ಅವಳಿಂದಲೇ ಬಂದದ್ದು. “ವೈನಿ ಆಕಿಗೆ ಕಂಬಳಿ ಕೊಡೋದು ನಾ ನೋಡೀನಿ,” ಎಂದೆ.

“ನಾ ಎರಡ ಹಳೇ ಸೀರಿ ಕೊಟ್ಟೀನಿ. ಕಂಬಳಿ ಮುಟ್ಟೇ ಇಲ್ಲ,” ಎಂದಳು ವೈನಿ.

“ಆಕಿ ಓದಿದಾಕಿ,” ಎಂದಳು ಅವ್ವ, ನನ್ನ ಕಡೆ ಕೈ ಮಾಡಿ. “ದಿನಾ ಪುಸ್ತಕದಾಗ ಬರದಿಡತಾಳ. ಬರದಿಟ್ಟದ್ದು ಸುಳ್ಳಾಗತದೇನು?”

ಅಣ್ಣ ಬಾಗಿಲಲ್ಲಿ ನಿಂತಿದ್ದ. ಗೂಟದ ಮೇಲಿನ ಚಾವಿ ತೆಗೆದುಕೊಂಡು ಹೋದ.

ಅಂದಿನಿಂದ ಅವ್ವ ಸಾಯುವವರೆಗೆ ವೈನಿ ಹಿರಿಯರ ಎಡೆ ಮುಟ್ಟುವಂತಿರಲಿಲ್ಲ. ಅಡುಗೆಯೆಲ್ಲ ಅವಳದು, ಎಡೆ ಇಡುವ ಕೈ ಮಾತ್ರ ನನ್ನದು. ಅವ್ವ ಹೋದ ಮೇಲೂ ಹಾಗೆಯೇ ನಡೆಯಿತು. ‘ನೀನು’ ಎನ್ನುತ್ತಿದ್ದ ವೈನಿ ನನ್ನನ್ನು ‘ಅಕ್ಕೋರ’ ಎಂದು ಶಾಲೆಯ ಮಾಸ್ತರಣಿಯನ್ನು ಕರೆದ ಹಾಗೆ ಕರೆಯತೊಡಗಿದಳು. ಬೋಗುಣಿ ಒಮ್ಮೆಯೂ ಒಲೆಗೆ ಏರಲಿಲ್ಲ. ಅವಳು ಅದನ್ನು ಎಸೆಯಲೂ ಇಲ್ಲ.

ಪೆಟ್ಟಿಗೆ ಒಂದು ವರ್ಷಕ್ಕೂ ಮೇಲೆ ಕಟ್ಟೆಯ ಮೇಲೆ ಗೋಣಿಚೀಲ ಹೊದ್ದುಕೊಂಡು ಕೂತಿತ್ತು. ಈ ಮಳೆಗಾಲದಲ್ಲಿ ಅದನ್ನು ಒಳಗೆ ತಂದೆ. ಮೊಬೈಲಿಗೆ ಜೋಡಿಸಿದ ಸಣ್ಣ ಸ್ಪೀಕರುಗಳಲ್ಲಿ ವಚನ ಗಾಯನ ಕೇಳಿದರೆ ತಬಲಾ ಜೋಡಿಯ ಎಡಗೈ ಡಗ್ಗಾದ ದಪ್ಪ ದನಿ ಸತ್ತೇಹೋಗಿರುತ್ತದೆ, ಅದಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ದಿನಚರಿಯಲ್ಲೂ ಹಾಗೆಯೇ ಬರೆದಿದ್ದೇನೆ. ಈಗ ಓದಿದರೆ ನಂಬಿಕೆ ಬರುವುದಿಲ್ಲ. ಸಂಜೆಯ ಹೊತ್ತು ಆ ಮುಚ್ಚಳ ಇನ್ನೊಮ್ಮೆ ನಡುಗುವುದನ್ನು ಕೇಳುವ ಆಸೆ ಇದ್ದಿರಬೇಕು.

ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿಯ ಚಾಚಾ ಒಬ್ಬರಿದ್ದಾರೆ. ಆಂಪ್ಲಿಫೈಯರನ್ನು ಅವರ ಮೇಜಿನ ಮೇಲಿಟ್ಟೆ.

“ಇದು ಗಾಡಿದು, ಹನ್ನೆರಡು ವೋಲ್ಟ್ ಕುಡಿಯೋದು. ಮನಿ ಕರೆಂಟ್ ಸೀದಾ ಕೊಟ್ರ ಖಲ್ಲಾಸ್,” ಎಂದು ಹಳೆಯ ಕಂಪ್ಯೂಟರಿನಿಂದ ಕಿತ್ತ ಪವರ್ ಸಪ್ಲೈ ಒಂದನ್ನು ಎಳೆದುಕೊಂಡರು. ಎಲ್ಲ ಜೋಡಿಸಿದರೂ ಆಂಪ್ಲಿಫೈಯರಿನ ದೀಪ ಹೊತ್ತಲಿಲ್ಲ. ಅವರು ತೆಳ್ಳನೆಯ ನೀಲಿ ತಂತಿಯೊಂದನ್ನು ಬೆರಳಿನಿಂದ ಎತ್ತಿ ತೋರಿಸಿದರು. “ಇದು ಚಾವಿ ವೈರ್. ಡ್ರೈವರ್ ಚಾವಿ ತಿರುವಿದ್ರ ಇದರಾಗ ಕರೆಂಟ್ ಬರತದ, ಆಗ ಎಚ್ಚರಾಗತದ. ಅಲ್ಲೀತನಕ ಮಲಗೇ ಇರತದ.”

“ಮನಿಯಾಗ ಚಾವಿ ಎಲ್ಲಿಂದ ತರಲ್ರಿ ಚಾಚಾ?”

“ಅದಕ್ಕ ಝೂಟ್ ಹೇಳಬೇಕು. ಇದನ್ನೂ ಕರೆಂಟಿನ ವೈರಿಗೇ ಕಟ್ಟಿಬಿಡ್ತೀನಿ. ಡ್ರೈವರ್ ಬಂದು ಕುಂತಾನ ಅಂತ ತಿಳಕೋತದ, ಬಿಚಾರಾ.”

ಹೇಳಿದ ಮೇಲೆ ಯಾವ ಡ್ರೈವರು ಎಂಬುದು ಅವರಿಗೆ ನೆನಪಾಯಿತು. ತಲೆ ತಗ್ಗಿಸಿ ತಂತಿ ಹೊಸೆದರು. ದೀಪ ಕೆಂಪಗೆ ಹೊತ್ತಿತು.

“ಆ ಡಬ್ಬಾನೂ ನಿಮ್ಮಣ್ಣ ನನ್ನ ಕಡೇನೇ ಮಾಡಿಸಿದ್ದ,” ಎಂದರು. “ಭಾಳ ಗುಂಯ್ ಅಂತದ, ಒಳಗ ಏನ ತುಂಬಲಿ ಅಂತ ಕೇಳಿದ್ದ. ಹತ್ತಿ ನಡೀತದ, ಉಣ್ಣಿ ಇದ್ರ ಅದರಂಥಾದ್ದಿಲ್ಲ ಅಂದಿದ್ದೆ. ಮನಿಯಾಗ ಮೂಲಿಗೆ ಇಡ್ರಿ. ಎರಡ ಗೋಡಿ ಸಿಕ್ರ ದನಿಗೆ ಜೋರ ಬರತದ.”

ಅವರು ಉಣ್ಣೆ ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಮನಸ್ಸಿಗೆ ಬಿದ್ದಿರಲಿಲ್ಲ. ಆ ದಿನದ ಪುಟದಲ್ಲಿ ಮೂಲೆಯ ಮಾತಿದೆ, ಉಣ್ಣೆಯ ಮಾತಿಲ್ಲ.

ಶನಿವಾರ ಮಧ್ಯಾಹ್ನ ಅದನ್ನು ನಡುಮನೆಯ ಮೂಲೆಗಿಟ್ಟು ಮೊದಲ ಬಾರಿ ಹಚ್ಚಿದೆ. ಹಾಡುವವರ ದನಿ ನನ್ನ ಸಣ್ಣ ಸ್ಪೀಕರುಗಳಿಂದಲೇ ಬಂತು. ಡಗ್ಗಾದ ಪೆಟ್ಟು ಮಾತ್ರ ನೆಲದಿಂದ ಎದ್ದಂತೆ ಬಂತು. ಜೀಪಿನೊಳಗಿದ್ದಾಗಿನ ಅಬ್ಬರ ಇರಲಿಲ್ಲ. ದೂರದಲ್ಲಿ ಯಾರೋ ಬರುತ್ತಿರುವ ಹಾಗಿತ್ತು. ಅಡುಗೆಮನೆಯಲ್ಲಿ ಮುಚ್ಚಳ ಗಿರ್ರೆಂದಿತು. ಅದರ ಹಿಂದೆಯೇ ಹಂಚನ್ನು ಒಲೆಯ ಮೇಲಿಟ್ಟ ಸದ್ದು ಕೇಳಿತು.

ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ವೈನಿ ಉರಿ ಹಚ್ಚಿದ್ದಳು. ಹಿಟ್ಟಿನ ಡಬ್ಬಿಗೆ ಕೈ ಚಾಚಿದವಳು ಹಾಗೆಯೇ ನಿಂತಿದ್ದಳು. ನಾವಿಬ್ಬರೂ ಊಟ ಮಾಡಿ ಒಂದು ಗಂಟೆಯಾಗಿತ್ತು. ನನ್ನನ್ನು ಕಂಡು ಉರಿ ಆರಿಸಿದಳು.

“ಕೈಗೆ ರೂಢಿ,” ಎಂದಳು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಮರುದಿನವೂ ಹಚ್ಚಿದೆ. ಆಗ ಬಂದದ್ದು ವಾಸನೆ. ಪೆಟ್ಟಿಗೆಯ ಮುಂದೆ ಅಂಗೈ ಅಗಲದ ಒಂದು ಕಿಂಡಿಯಿದೆ, ಪ್ರತಿ ಪೆಟ್ಟಿಗೂ ಅದರಿಂದ ಗಾಳಿ ಉಸಿರಿನ ಹಾಗೆ ಹೊರಬರುತ್ತದೆ. ಆ ಉಸಿರಿನಲ್ಲಿ ತೊಯ್ದ ಕುರಿಯ ವಾಸನೆಯಿತ್ತು, ಅದರೊಳಗೆ ತಂಬಾಕಿನದೂ ಇತ್ತು. ಮಳೆಯಲ್ಲಿ ನೆನೆದು ಬಂದ ಅಪ್ಪ ಹೊಸ್ತಿಲಲ್ಲಿ ನಿಂತು ಮೈ ಕೊಡವಿದ ಹಾಗೆ. ನಾನು ಹಾಡು ನಿಲ್ಲಿಸಿದೆ. ವಾಸನೆ ನಿಂತಿತು. ಮತ್ತೆ ಹಚ್ಚಿದರೆ ಮತ್ತೆ ಬಂತು. ನನ್ನ ನೆನಪೇ ನನಗೆ ಆಟ ಹೂಡಿದೆ ಎಂದುಕೊಂಡೆ. ಆದರೆ ನೆನಪು ಬಟನ್ ಒತ್ತಿದಾಗಲೆಲ್ಲ ಬಂದು ಹೋಗುವುದಿಲ್ಲ.

ಮಂಗಳವಾರ ಸಂಜೆ ವೈನಿ ಸಂತೆಗೆ ಹೋಗಿದ್ದ ಹೊತ್ತು ನೋಡಿ ಸ್ಕ್ರೂ ಬಿಚ್ಚಿದೆ. ಸ್ಪೀಕರನ್ನು ಎತ್ತಿ ಪಕ್ಕಕ್ಕಿಟ್ಟು ಒಳಗೆ ಕೈ ಹಾಕಿದೆ. ಒರಟು ಕರಿಯ ಉಣ್ಣೆ ತಗುಲಿತು. ಕತ್ತರಿಯಿಂದ ಕತ್ತರಿಸಿದ ಏಳು ತುಂಡುಗಳು, ಪೆಟ್ಟಿಗೆಯ ಒಳಗೋಡೆಗಳಿಗೆ ಸಣ್ಣ ಮೊಳೆ ಹೊಡೆದು ಕೂರಿಸಿದ್ದವು. ಕೆಲವು ಮೊಳೆ ಕಿತ್ತು ಕೆಳಗೆ ಜಾರಿದ್ದವು. ಒಂದು ತುಂಡಿನ ಅಂಚಿನಲ್ಲಿ ಚಿಲುಮೆಯ ಕಿಡಿ ಸುಟ್ಟ ತೂತಿತ್ತು. ಅಪ್ಪನ ಎಡ ಹೆಗಲಿನ ಮೇಲೆ ಬರುತ್ತಿದ್ದ ತೂತು ಅದು.

ಎಲ್ಲವನ್ನೂ ಮೊದಲಿದ್ದಂತೆ ಒಳಗೆ ತುಂಬಿ ಸ್ಕ್ರೂ ಬಿಗಿದೆ. ನಾಚಿಕೆಯ ಸಂಗತಿ, ಆದರೆ ನಾನು ಮಾಡಿದ್ದು ಇದೇ.

ನಾಲ್ಕು ದಿನ ಸುಮ್ಮನಿದ್ದೆ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಬರುವವರೆಗೂ ಅದೇ ಲೆಕ್ಕ. ಹೇಳಿದರೆ ವೈನಿಯ ಮೇಲಿನ ಆಪಾದನೆ ಕಳೆಯುತ್ತದೆ. ಹೇಳಿದರೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಅಣ್ಣ ಅವಳ ಮುಂದೆ ಇನ್ನೊಮ್ಮೆ ಬಂದು ನಿಲ್ಲುತ್ತಾನೆ. ಸತ್ತ ಗಂಡನ ವಿಷಯದಲ್ಲಿ ಅವಳಿಗೆ ಉಳಿದಿದ್ದ ನೆಮ್ಮದಿಯನ್ನು ಕಸಿಯಲು ನಾನ್ಯಾರು ಎಂದು ಕೇಳಿಕೊಂಡೆ. ಪ್ರಶ್ನೆ ಉದಾರವಾಗಿ ಕಾಣುತ್ತಿತ್ತು, ಆದ್ದರಿಂದಲೇ ಅನುಮಾನ ಬಂತು. ನಾನು ಯಾರನ್ನು ಕಾಪಾಡುತ್ತಿದ್ದೆ?

ಅಣ್ಣ ಒಮ್ಮೆ ಜೀಪಿನ ಹಿಂಬದಿ ತಟ್ಟಿ “ಅಪ್ಪ ಗಾಡಿಯಾಗ ಅದಾನ” ಎಂದದ್ದು ನನಗೆ ನೆನಪಿದೆ. ಎಷ್ಟು ಸ್ಪಷ್ಟವಾಗಿದೆ ಎಂದರೆ ನಂಬಲು ಹೆದರಿಕೆ. ಪೆಟ್ಟಿಗೆ ಬಿಚ್ಚುವ ಮೊದಲು ಈ ನೆನಪು ನನಗಿತ್ತೇ?

ನಾಲ್ಕನೆಯ ಸಂಜೆ ಆ ವರ್ಷದ ದಿನಚರಿ ತೆಗೆದೆ. ಅವ್ವ ದೇವರ ಗ್ರಂಥದ ಹಾಗೆ ನಂಬಿದ್ದ ಪುಸ್ತಕ. ಬರೆದು ಮುಗಿಸಿದ ಮೇಲೆ ನಾನಾಗಲಿ ಅವಳಾಗಲಿ ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಪಾತ್ರೆಯವಳು ಬಂದ ದಿನದ ಪುಟದಲ್ಲಿ ಹೀಗಿತ್ತು: ‘ಪಾತ್ರೆಯವಳು ಬಂದಿದ್ದಳು. ವೈನಿ ಎರಡು ಹಳೆ ಸೀರೆ ಕೊಟ್ಟು ಮುಚ್ಚಳದ ಬೋಗುಣಿ ತೆಗೆದುಕೊಂಡಳು. ಚೌಕಾಸಿ ಜೋರಿತ್ತು.’ ಕಂಬಳಿಯ ಮಾತಿರಲಿಲ್ಲ. ಕಂಬಳಿ ಬಂದದ್ದು ಅಮಾವಾಸ್ಯೆಯ ಪುಟದಲ್ಲಿ: ‘ವೈನಿ ಪಾತ್ರೆಯವಳಿಗೆ ಕಂಬಳಿ ಕೊಟ್ಟದ್ದನ್ನು ನೋಡಿದ್ದೆ. ಹೇಳಿದೆ.’ ಮೊದಲು ಬಾಯಿಂದ ಹೇಳಿ, ಆಮೇಲೆ ಬರೆದು, ಬರೆದದ್ದರಿಂದ ನೆನಪು ಮಾಡಿಕೊಂಡಿದ್ದೆ. ಇಷ್ಟು ವರ್ಷ ನನ್ನ ಕಣ್ಣಮುಂದೆ ಕಂಬಳಿಯ ಮಡಿಕೆಯೂ ಇತ್ತು, ಅದನ್ನು ಹಿಡಿದ ವೈನಿಯ ಕೈಬಳೆಯೂ ಇತ್ತು.

ಮರುದಿನ ಭಾನುವಾರ. ವೈನಿ ಮೊರ ಹಿಡಿದು ಹೆಸರು ಹಸನು ಮಾಡುತ್ತಿದ್ದಳು. ಪೆಟ್ಟಿಗೆ ಮತ್ತೆ ಬಿಚ್ಚಿ ಏಳೂ ತುಂಡು ತಂದು ಅವಳ ಮುಂದಿಟ್ಟೆ. ಅವಳು ಒಂದೊಂದನ್ನೇ ತಿರುವಿ ನೋಡಿ ತೂತಿನ ತುಂಡಿಗೆ ಬಂದು ನಿಂತಳು. ತೂತಿನಲ್ಲಿ ಕಿರುಬೆರಳು ತೂರಿಸಿದಳು.

“ಮಾವನ ಚಿಲುಮಿ ಕಿಡಿ,” ಎಂದಳು. “ಎಲ್ಲಿತ್ರಿ?”

“ಡಬ್ಬಾದಾಗ.”

“ಅವರೇ ಇಟ್ಟಿದ್ರು?”

“ಹೌದು.”

ಮೊರದಿಂದ ಎರಡು ಕಲ್ಲು ಆರಿಸಿ ಹೊರಗೆಸೆದಳು. “ಅವತ್ತ ಬಾಗಲದಾಗ ನಿಂತಿದ್ರಲ್ಲ. ಎಲ್ಲಾ ಕೇಳಿದ್ರು. ಆಮ್ಯಾಲೂ ದಿನಾ ನನ್ನ ಕೈಲೆ ರೊಟ್ಟಿ ಉಂಡ್ರು. ನನ್ನ ಮಾರಿ ನೋಡಿ ಹ್ಯಾಂಗ ಉಂಡಿರಬೇಕ್ರಿ?”

“ಅವ್ವಗ ಅಂಜಿರಬೇಕು ವೈನಿ. ಅಪ್ಪನ ಕಂಬಳಿಗೆ ಕತ್ತರಿ ಹಾಕೀನಿ ಅಂತ ಹೇಳಲಿಕ್ಕೆ...”

“ಅವರ ವಕೀಲಕಿ ನೀವ್ಯಾಕ ಮಾಡಾಕತ್ತೀರಿ ಅಕ್ಕೋರ? ಮೊದಲ ನಿಮ್ದು ಹೇಳ್ರಿ.”

ದಿನಚರಿ ತಂದು ಎರಡೂ ಪುಟ ಓದಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

“ಎರಡೂ ನಿಮ್ಮ ಅಕ್ಷರಾನೇ?”

“ನಂದೇ.”

“ಹಂಗಾರ ಅವ್ವಗ ಮೊದಲನೇದ್ದ ಓದಿ ಹೇಳಬೇಕಿತ್ತು.” ಅವಳು ಅಳಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು. ತುಂಡುಗಳನ್ನೂ ಒಯ್ದಳು.

ಈ ವರ್ಷದ ಮಾನೌಮಿ ಅಮಾವಾಸ್ಯೆಗೆ ನಾನು ರಜೆ ಹಾಕಿದೆ. ತುಂಡುಗಳನ್ನು ಹೊಲಿದುಕೊಡಲೇ ಎಂದು ಕೇಳಿದ್ದಕ್ಕೆ “ಬ್ಯಾಡ. ಕತ್ತರಿ ಬಿದ್ದದ್ದು ಕಾಣಲಿ,” ಎಂದಳು. ಏಳನ್ನೂ ಒಂದರ ಪಕ್ಕ ಒಂದು ಹಾಸಿ, ಹಿಂದೆ ಅಪ್ಪ, ಅವ್ವ, ಅಣ್ಣನ ಫೋಟೋ ಇಟ್ಟಳು. ಹೋಳಿಗೆಯ ಬೇಳೆ ಬೆಂದದ್ದು ಆ ಬೋಗುಣಿಯಲ್ಲಿ. ಮೊದಲ ಸಲ ಉರಿ ಕಂಡ ಅದರ ತಳ ಕಪ್ಪಾಗಿತ್ತು.

ನಾನು ರೂಢಿಯಂತೆ ಎಡೆಗೆ ಕೈ ಚಾಚಿದೆ. ವೈನಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

“ನಿಮ್ಮ ಕೆಲಸ ಬ್ಯಾರೆ ಅದ. ಪುಸ್ತಕ ತರ್ರಿ. ಅವ್ವಗ ಕೇಳೂ ಹಂಗ ಓದ್ರಿ.”

ಅವ್ವನ ಫೋಟೋದ ಮುಂದೆ ಮೊದಲನೆಯ ಪುಟ ಓದಿದೆ. ಆಮೇಲೆ ಎರಡನೆಯದು ಓದಿ, ಇದು ಸುಳ್ಳು ಎಂದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಬಾಗಿಲ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅಲ್ಲಿ ಯಾರೋ ಚಾವಿ ಹಿಡಿದು ನಿಂತಿರುವ ಹಾಗಿತ್ತು.

ವೈನಿ ಅಪ್ಪನ ಎಡೆ ಇಟ್ಟಳು, ಅವ್ವನ ಎಡೆ ಇಟ್ಟಳು, ಎರಡಕ್ಕೂ ತುಪ್ಪ ಹಾಕಿದಳು. ಅಣ್ಣನ ಎಡೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಅವನ ಫೋಟೋ ನೋಡಿದಳು. ಕೊನೆಗೆ ಇಟ್ಟಳು.

“ಈ ವರ್ಷ ನಿಮಗ ತುಪ್ಪ ಇಲ್ಲ,” ಎಂದಳು.

ಒಳಗೆ ಏನೂ ಇಲ್ಲದೆ ಪೆಟ್ಟಿಗೆ ಈಗ, ನೆಲದಡಿ ಕಾಳು ತುಂಬಿಡುವ ಹಗೇವು ಖಾಲಿಯಾದಾಗಿನ ಹಾಗೆ ಗುಂಯ್ ಎನ್ನುತ್ತದೆ. ಹತ್ತಿ ತರಬೇಕು ಎಂದು ಗೊಣಗಿದ್ದನ್ನು ವೈನಿ ಕೇಳಿಸಿಕೊಂಡಿದ್ದಳು. ಮರುದಿನ ನಾನು ಬಸ್ಸಿಗೆ ಹೊರಡುವಾಗ ಮಡಿಚಿದ ಎರಡು ಸೀರೆ ತಂದು ಪೆಟ್ಟಿಗೆಯ ಮೇಲಿಟ್ಟಳು.

“ಹಳೇ ಸೀರಿ, ಎರಡು. ನಾ ಕೊಟ್ಟೀನಿ,” ಎಂದಳು. “ತಾರೀಖ ಹಾಕಿ ಬರಕೋರ್ರಿ. ಈಗೇ.”

ಚೀಲ ಕೆಳಗಿಟ್ಟೆ. ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು, ಅವಳು ನೋಡುತ್ತಿರುವಂತೆಯೇ ಬರೆದುಕೊಂಡೆ.