ಬಲಕ್ಕೆ ಹೂಡಿದ ಕೆಂಚ

ಇಟಲಿಯ ಕೊಮೊ ಊರಿನಾಚೆ, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ರೇಷ್ಮೆ ಕೆಲಸ ಕಲಿಯಲು ಬಂದು, ಹಡಗಿನಿಂದಿಳಿದು ಎಂಟೇ ದಿನ. ಊರಲ್ಲಿ ಜೀಪು ಓಡಿಸಿದ ಧೈರ್ಯಕ್ಕೆ ಕಾರ್ಖಾನೆ ಮೇಸ್ತ್ರಿಯ ಕಾರು ಕೇಳಿದೆ. ಕೊಟ್ಟು, ಪಕ್ಕದಲ್ಲಿ ಕೂತ. ಇಲ್ಲಿ ರಸ್ತೆಯ ಬಲಗಡೆ ಹೋಗಬೇಕು. ತಿರುವಿನಲ್ಲಿ ನನ್ನ ಕೈ ತಾನಾಗಿ ಎಡಕ್ಕೆ ಎಳೆಯಿತು. ಎದುರಿಗೆ ಹಾಲಿನ ಲಾರಿ! ಕೂದಲೆಳೆಯಲ್ಲಿ ಪಾರಾದೆವು.

ಶಿಡ್ಲಘಟ್ಟದ ನಮ್ಮ ಕೆಂಚ ನೆನಪಾದ. ಗಾಡಿಯ ಎಡಗಡೆಗೆ ಪಳಗಿದ ಎತ್ತು. ಅವನ ಜೊತೆಯದು ಸತ್ತು, ಹೊಸದಾಗಿ ತಂದದ್ದೂ ಎಡಕ್ಕೇ ಪಳಗಿದ್ದರಿಂದ ಅಪ್ಪ ಕೆಂಚನನ್ನು ಬಲಕ್ಕೆ ಹೂಡಿದರು. ಅವನು ಹೆಜ್ಜೆ ಕೀಳಲಿಲ್ಲ. ನಾನು ಬಾರುಕೋಲು ಎತ್ತಿದೆ.

"ಹೊಡೀಬೇಡ ಕಣಪ್ಪ. ಹತ್ತು ವರ್ಷ ಆ ಕಡೆ ನಡೆದೈತೆ, ಮರೆಯಕ್ಕೆ ದಿನ ಬೇಕಲ್ವಾ?" ಎಂದರು ಅಪ್ಪ. ಅವತ್ತು ಚಿಂತಾಮಣಿ ಸಂತೆಯವರೆಗೂ ಅವರು ಗಾಡಿ ಹತ್ತಲಿಲ್ಲ. ಕೆಂಚನ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆದರು.

ಮೇಸ್ತ್ರಿ ಸಿಗರೇಟು ಮುಗಿಸಿ ಕರೆಯುತ್ತಿದ್ದಾನೆ. ಇನ್ನು ಅವನೇ ಓಡಿಸುತ್ತಾನೆ ಅಂದುಕೊಂಡು ಎದ್ದೆ. ಆದರೆ ಅವನು ನನಗಾಗಿ ತೆರೆದು ಹಿಡಿದಿರುವುದು ಸ್ಟಿಯರಿಂಗ್ ಕಡೆಯ ಬಾಗಿಲು.